ಪತ್ರಾಸಿನ ಕೆಳಗೆ ಬೀಳುವ ನೀರು ಯಾರದು?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದಾಕ್ಷಣ ಹೊರಗಿನವರಿಗೆ ನೆನಪಾಗುವುದು ಬರ. ವರ್ಷದ ಮಳೆಯನ್ನೆಲ್ಲ ಕೂಡಿಸಿದರೂ 600 ಮಿಲಿಮೀಟರಿನ ಆಚೀಚೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದರೆ ಇಲ್ಲಿ ಯಾರೂ ಅಚ್ಚರಿಪಡುವುದಿಲ್ಲ. ಇಂಥ ಸೀಮೆಯಲ್ಲಿ ಮನೆಯೊಳಗಿನ ತೇವದ ಬಗ್ಗೆ ಬರೆಯುವುದು ವಿಚಿತ್ರವೆನಿಸಬಹುದು. ಆದರೆ ಡಿಸೆಂಬರ್, ಜನವರಿಯ ನಸುಕಿನಲ್ಲಿ ಪತ್ರಾಸಿನ, ಅಂದರೆ ತಗಡಿನ ಸೂರಿನ, ಮನೆಯಲ್ಲಿ ಮಲಗಿ ಎದ್ದವರಿಗೆ ಈ ತೇವ ಚೆನ್ನಾಗಿ ಗೊತ್ತು. ಮಳೆ ನಿಂತು ಎರಡು ತಿಂಗಳಾಗಿರುತ್ತದೆ, ಆಕಾಶದಲ್ಲಿ ಒಂದು ತುಣುಕು ಮೋಡವಿರುವುದಿಲ್ಲ. ಆದರೂ ತಗಡಿನ ಒಳಮೈ ತುಂಬ ಹನಿ ಕಟ್ಟಿ, ಅವು ಒಂದಕ್ಕೊಂದು ಕೂಡಿ ದಪ್ಪವಾಗಿ, ಕೌದಿಯ ಮೇಲೆ, ಜೋಳದ ಚೀಲದ ಮೇಲೆ, ಮಕ್ಕಳ ಪುಸ್ತಕದ ಮೇಲೆ ಬೀಳುತ್ತವೆ. ಪತ್ರಾಸು ಸೋರುತ್ತಿದೆ ಎಂದು ಮನೆಯವರು ತಿಳಿಯುತ್ತಾರೆ. ಬೋಲ್ಟಿನ ಸುತ್ತ ಡಾಂಬರು ಮೆತ್ತುತ್ತಾರೆ, ಎಂ-ಸೀಲ್ ಹಚ್ಚುತ್ತಾರೆ, ಗೋಡೆ ಮತ್ತು ತಗಡಿನ ನಡುವಿನ ಸಂದಿಗೆ ಹಳೆಯ ಬಟ್ಟೆ ತುರುಕುತ್ತಾರೆ. ಮುಂದಿನ ಚಳಿಗಾಲಕ್ಕೆ ಹನಿ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಕಾರಣ ಇಷ್ಟೇ: ಆ ನೀರು ಹೊರಗಿನಿಂದ ಬಂದದ್ದಲ್ಲ, ಮನೆಯೊಳಗೇ ಹುಟ್ಟಿದ್ದು. ಒಳಗೆ ನೀರು ಹುಟ್ಟುತ್ತಿರುವಾಗ ಸಂದಿ ಮುಚ್ಚಿದರೆ ಹೋಗಲು ಅದಕ್ಕೆ ದಾರಿಯೇ ಉಳಿಯುವುದಿಲ್ಲ.

ಈ ಭಾಗಕ್ಕೆ ಪತ್ರಾಸು ಇಷ್ಟೊಂದು ಬಂದದ್ದು ಹೇಗೆಂದು ಮೊದಲು ನೋಡಬೇಕು. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆ ಜಂತಿಯ ಮೇಲೆ ಒಂದಡಿಗೂ ಮಿಕ್ಕಿ ಮಣ್ಣಿನ ಮೇಲ್ಮುದ್ದೆ ಹಾಕಿದ ಮಾಳಿಗೆ ಇಲ್ಲಿನ ಹಳೆಯ ಮನೆಯ ರೀತಿ. ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಜಲಾಶಯವನ್ನು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. ಆ ನಾಲ್ಕು ದಶಕಗಳಲ್ಲಿ ಕೃಷ್ಣೆಯ ದಂಡೆಯ ಅಂಥ ಮನೆಗಳು ಊರುಸಹಿತ ನೀರಿನಡಿ ಹೋದವು. ಪುನರ್ವಸತಿ ಕೇಂದ್ರಕ್ಕೆ ಬಂದವರಲ್ಲಿ ಎಷ್ಟೋ ಮಂದಿ ಮೊದಲು ಕಟ್ಟಿಕೊಂಡದ್ದು ತಗಡಿನ ಶೆಡ್ಡು. 2009ರ ಮಹಾಪೂರ ಬಂತು, 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿಯ ದಂಡೆಯ ಊರುಗಳು ಮುಳುಗಿದವು. ಮಣ್ಣಿನ ಮನೆ ಬಿದ್ದ ಜಾಗದಲ್ಲಿ ಮತ್ತೆ ಪತ್ರಾಸೇ ಎದ್ದಿತು. ಕಾಲುವೆ ಬಂದ ಮೇಲೆ ಊರು ಬಿಟ್ಟು ಹೊಲದಲ್ಲೇ ವಸ್ತಿ ಮಾಡಿದ ರೈತರಿಗೂ ತಗಡೇ ಅನುಕೂಲ: ಬೇಗ ಏಳುತ್ತದೆ, ಬೇಡವಾದಾಗ ಬಿಚ್ಚಿ ಒಯ್ಯಬಹುದು. ದುಡಿಯಲು ಗೋವಾಕ್ಕೆ, ಪುಣೆಗೆ ಹೋಗುವ ಇದೇ ತಾಲ್ಲೂಕುಗಳ ಕೂಲಿಕಾರರು ಅಲ್ಲಿಯೂ ತಗಡಿನ ಕೆಳಗೇ ಮಲಗುತ್ತಾರೆ. ಪತ್ರಾಸನ್ನು ಹೀಗಳೆದು ಉಪಯೋಗವಿಲ್ಲ. ಬಡವನಿಗೆ ಅದು ಒಂದೇ ದಿನದಲ್ಲಿ ಸೂರು ಕೊಟ್ಟಿದೆ. ಆದರೆ ಮಣ್ಣಿನ ಮಾಳಿಗೆಯ ಕೆಳಗೆ ಬದುಕುವ ಪದ್ಧತಿಯನ್ನು ಹಾಗೆಯೇ ಉಕ್ಕಿನ ಕೆಳಗೆ ತಂದರೆ ಸಾಗುವುದಿಲ್ಲ. ಮಾಳಿಗೆ ತಾನೇ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಾವು ತಿಳಿದು ಮಾಡಬೇಕು.

ಇಬ್ಬನಿ ಆಕಾಶದಿಂದ ಉದುರುತ್ತದೆ ಎಂದು ಜನ ಬಹುಕಾಲ ನಂಬಿದ್ದರು. ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯ ಲಂಡನ್ನಿನಲ್ಲಿ ರಾತ್ರಿಯಿಡೀ ಪ್ರಯೋಗ ನಡೆಸಿ, 1814ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅಸಲು ಸಂಗತಿ ತೋರಿಸಿದ. ನಿರ್ಮಲ ರಾತ್ರಿಯಲ್ಲಿ ವಸ್ತುಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತವೆ. ಆ ತಣ್ಣನೆಯ ಮೈಗೆ ತಾಗಿದ ಗಾಳಿಯಲ್ಲಿನ ಆವಿ ನೀರಾಗುತ್ತದೆ. ಬೇಸಿಗೆಯಲ್ಲಿ ತಣ್ಣೀರು ತುಂಬಿದ ಸ್ಟೀಲ್ ಚರಿಗೆಯ ಹೊರಮೈ ಒದ್ದೆಯಾಗುವುದು ಇದೇ ಕಾರಣಕ್ಕೆ. ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ಆವಿಯನ್ನು ಹೊರಬಲ್ಲದು: 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ, 10 ಡಿಗ್ರಿಯಲ್ಲಿ 9 ಗ್ರಾಂ ಚಿಲ್ಲರೆ. ಹೊರಲಾಗದ ಮಿಕ್ಕ ನೀರು ಅಲ್ಲೇ ಹನಿಯಾಗಬೇಕು. ವಿಜಯಪುರದ ಕಡೆ ಡಿಸೆಂಬರಿನ ನಸುಕಿಗೆ ಹೊರಗಿನ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಬರುವುದು ಸಾಮಾನ್ಯ, ಕೆಲವು ದಿನ ಅದಕ್ಕೂ ಕೆಳಗೆ. ಅರ್ಧ ಮಿಲಿಮೀಟರೂ ದಪ್ಪವಿಲ್ಲದ ತಗಡು ಬಯಲು ಆಕಾಶಕ್ಕೆ ಮೈಯೊಡ್ಡಿ ಗಾಳಿಗಿಂತಲೂ ಕೆಲವು ಡಿಗ್ರಿ ತಂಪಾಗಿರುತ್ತದೆ. ಒಳಗೆ 20 ಡಿಗ್ರಿಯಿದ್ದು ತೇವಾಂಶ ನೂರಕ್ಕೆ 70ರಷ್ಟಿದ್ದರೆ, 14 ಡಿಗ್ರಿಯ ಮೈ ಸಿಕ್ಕ ಕೂಡಲೇ ಆ ಗಾಳಿ ನೀರು ಬಿಡತೊಡಗುತ್ತದೆ. ಹಾಗಾಗಿ ಬರದ ಸೀಮೆಗೆ ಇಂಥ ತೇವ ಬಾರದು ಎಂಬ ವಾದ ತಲೆಕೆಳಗು. ಮೋಡವಿದ್ದರೆ ತಗಡು ಇಷ್ಟು ತಣ್ಣಗಾಗುತ್ತಿರಲಿಲ್ಲ. ಇಲ್ಲಿನ ಮೋಡವಿಲ್ಲದ ಚಳಿಗಾಲದ ಆಕಾಶವೇ ಅದನ್ನು ತಂಪು ಮಾಡುತ್ತದೆ.

ಒಳಗೆ ಅಷ್ಟೊಂದು ನೀರು ಎಲ್ಲಿಂದ ಬರುತ್ತದೆ? ಲೆಕ್ಕ ಹಾಕಿ ನೋಡಬಹುದು. ಮಲಗಿದ ಒಬ್ಬ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಗಾಳಿಗೆ ಬಿಡುತ್ತಾನೆ. ಐದು ಮಂದಿ ಎಂಟು ತಾಸು ಮಲಗಿದರೆ ಒಂದೂವರೆ ಲೀಟರಿಗೂ ಹೆಚ್ಚಾಯಿತು. ಅವರು ಮಲಗಿದ ಕೋಣೆ 10 ಅಡಿ ಅಗಲ, 12 ಅಡಿ ಉದ್ದ, 9 ಅಡಿ ಎತ್ತರವಿದ್ದರೆ ಅದರಲ್ಲಿರುವುದು ಸುಮಾರು 30 ಘನ ಮೀಟರ್ ಗಾಳಿ. 20 ಡಿಗ್ರಿಯಲ್ಲಿ ಆ ಗಾಳಿ ಹೊರಬಲ್ಲದ್ದು ಅರ್ಧ ಲೀಟರ್ ನೀರು ಮಾತ್ರ. ಉಳಿದ ಒಂದು ಲೀಟರಿಗೆ ಇರುವ ದಾರಿ ಎರಡೇ: ಹೊರಗೆ ಹೋಗಬೇಕು, ಇಲ್ಲವೆ ತಗಡಿನ ಮೇಲೆ ಕೂರಬೇಕು. ಇದು ಬರೀ ಉಸಿರಿನ ಲೆಕ್ಕ. ಗ್ಯಾಸಿನ ಒಲೆಯ ಲೆಕ್ಕ ಬೇರೆಯಿದೆ, ಅದನ್ನು ಹೆಚ್ಚಿನವರು ಊಹಿಸಿಯೇ ಇರುವುದಿಲ್ಲ. ಅಡುಗೆ ಅನಿಲ ಉರಿದಾಗ ಅದರಲ್ಲಿನ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಕಿಲೋ ಅನಿಲಕ್ಕೆ ಸುಮಾರು 1.6 ಕಿಲೋ ನೀರು. 14.2 ಕಿಲೋದ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರ್ ನೀರು ಆವಿಯಾಗಿ ಕೋಣೆ ಸೇರಿರುತ್ತದೆ. ತಿಂಗಳಿಗೊಂದು ಸಿಲಿಂಡರ್ ಎಂದರೂ ದಿನಕ್ಕೆ ಮುಕ್ಕಾಲು ಲೀಟರ್. ಅನ್ನ, ನುಚ್ಚು, ಸಾರು ಕುದಿದು ಬರುವ ಆವಿ ಇದರ ಮೇಲೆ. ಕೈಯಲ್ಲಿ ಹಿಂಡಿದ ಒಂದು ಬುಟ್ಟಿ ಬಟ್ಟೆಯನ್ನು ಒಳಗೆ ಹಗ್ಗಕ್ಕೆ ಹಾಕಿದರೆ ಇನ್ನೊಂದೆರಡು ಲೀಟರ್. ಇಷ್ಟಾದ ಮೇಲೆ ನಸುಕಿನ ಹನಿಗೆ ಬೋಲ್ಟಿನ ತೂತನ್ನು ದೂರುವುದು ನ್ಯಾಯವಲ್ಲ.

ಉಕ್ಕಿನ ಕೋಶದೊಳಗೆ ಬಾಳುವವರು ನಮ್ಮವರಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ 18ನೇ ಶತಮಾನದ ಉತ್ತರಾರ್ಧದಿಂದ ಸರಕು ಸಾಗಿಸಲು ತೋಡಿದ ಕಾಲುವೆಗಳಿವೆ. ಅವುಗಳ ಮೇಲೆ ಏಳಡಿಗೆ ತುಸು ಕಡಿಮೆ ಅಗಲದ, ಎಪ್ಪತ್ತಡಿಯವರೆಗೂ ಉದ್ದದ ಕಿರಿದಾದ ದೋಣಿಗಳು ಓಡಾಡುತ್ತವೆ. ಕಲ್ಲಿದ್ದಲು ಹೊರುತ್ತಿದ್ದ ಆ ಮಾದರಿಯ ದೋಣಿಗಳು ಇಂದು ಸಾವಿರಾರು ಜನರ ಮನೆಗಳು. ತಳಕ್ಕೆ 10 ಮಿಲಿಮೀಟರ್, ಪಕ್ಕಕ್ಕೆ 6, ಮಾಡಿಗೆ 4 ಮಿಲಿಮೀಟರ್ ಉಕ್ಕಿನ ಹಾಳೆ ಹಾಕುವುದು ಈಗಿನ ರೂಢಿ. ಚಳಿಗಾಲ ಬಂತೆಂದರೆ ಅವುಗಳ ಕಿಟಕಿಯಿಂದ ನೀರು ಇಳಿಯುತ್ತದೆ, ಹಾಸಿಗೆಯ ಕೆಳಭಾಗ ಬೂಷ್ಟು ಹಿಡಿಯುತ್ತದೆ, ಕಪಾಟಿನ ಹಿಂದೆ ಕಪ್ಪು ಕಲೆ ಏಳುತ್ತದೆ. ನೀರಿನ ಮೇಲೆಯೇ ತೇಲುವ ಮನೆಯಾದ್ದರಿಂದ ದೋಣಿಗೆ ತೂತು ಬಿದ್ದಿದೆಯೆಂದು ಹೆದರುವುದು ಅಲ್ಲಿ ಇನ್ನೂ ಸಹಜ. ಹುಡುಕಿದರೆ ಎಷ್ಟೋ ಸಲ ತೂತು ಸಿಗುವುದಿಲ್ಲ. ಒಳಗಿನ ಮರದ ಹಲಗೆಗೂ ಉಕ್ಕಿಗೂ ನಡುವಿನ ಸಂದಿಗೆ ನುಗ್ಗಿದ ಮನೆಯ ಆವಿಯೇ ನೀರಾಗಿ ತಳಕ್ಕಿಳಿದು, ದೋಣಿಗೆ ಒಳಗಿನಿಂದ ತುಕ್ಕು ಹಿಡಿಸುತ್ತಿರುತ್ತದೆ. ಅವರು ಕಂಡುಕೊಂಡ ಪರಿಹಾರದಲ್ಲಿ ಎರಡು ಅಂಗಗಳಿವೆ. ಒಂದು, ಉಕ್ಕಿನ ಒಳಮೈಗೆ ಸಂದಿಯೇ ಉಳಿಯದಂತೆ ನೊರೆಯನ್ನು ಸಿಂಪಡಿಸಿ ಅಂಟಿಸುವುದು. ಮನೆಯ ಗಾಳಿ ತಣ್ಣನೆಯ ಉಕ್ಕನ್ನು ಮುಟ್ಟಬಾರದು. ಇನ್ನೊಂದು, ಮಾಡಿನ ಮೇಲೆ ಅಣಬೆಯಾಕಾರದ ಗಾಳಿಕಿಂಡಿಗಳನ್ನು ಕೂರಿಸಿ, ಎಂಥ ಚಳಿಯಿದ್ದರೂ ಅವನ್ನು ಮುಚ್ಚದಿರುವುದು. ಹಿಮ ಬೀಳುವ ನಾಡಿನವರೇ ಕಿಂಡಿ ಮುಚ್ಚುವುದಿಲ್ಲ ಎಂಬುದನ್ನು ನಾವು ಗಮನಿಸಬೇಕು. ಅವರಿಗೆ ಅದು ಜೀವದ ಪ್ರಶ್ನೆಯೂ ಹೌದು: ಒಲೆ ಉರಿಯುವ ಮುಚ್ಚಿದ ಉಕ್ಕಿನ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ಮಲಗಿದವರು ಏಳುವುದಿಲ್ಲ. ನಮ್ಮಲ್ಲಿ ಥಂಡಿಗೆಂದು ಕೆಂಡದ ಬುಟ್ಟಿಯನ್ನು ಮುಚ್ಚಿದ ಕೋಣೆಯೊಳಗೆ ಇಟ್ಟು ಮಲಗುವವರಿಗೂ ಅಪಾಯ ಅದೇ. ಹಾಗೆ ಎಂದೂ ಮಾಡಬಾರದು.

ಹಾಗಾದರೆ ನಮ್ಮ ಮಣ್ಣಿನ ಮನೆ ಏಕೆ ಬೆವರುತ್ತಿರಲಿಲ್ಲ? ಅಲ್ಲಿಯೂ ಐದು ಮಂದಿ ಮಲಗುತ್ತಿದ್ದರು, ಒಲೆಯೂ ಉರಿಯುತ್ತಿತ್ತು, ಎಷ್ಟೋ ಮನೆಗಳಲ್ಲಿ ದನಕರುಗಳೂ ಅದೇ ಸೂರಿನಡಿ ಇದ್ದವು. ಒಂದಡಿ ಮೇಲ್ಮುದ್ದೆ ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ಬೆಳತನಕ ಬಿಡುತ್ತದೆ. ಅದರ ಒಳಮೈ ಆವಿ ನೀರಾಗುವಷ್ಟು ತಣ್ಣಗಾಗುವುದೇ ಇಲ್ಲ. ಮಣ್ಣು, ಕಟ್ಟಿಗೆ, ಸಗಣಿ ಸಾರಿಸಿದ ನೆಲ ರಾತ್ರಿಯ ಆವಿಯನ್ನು ಸ್ವಲ್ಪ ಹೀರಿಕೊಂಡು ಹಗಲು ಮರಳಿ ಬಿಟ್ಟುಕೊಡುತ್ತವೆ, ಉಕ್ಕು ಒಂದು ತೊಟ್ಟನ್ನೂ ಹೀರುವುದಿಲ್ಲ. ಮೇಲಾಗಿ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು. ಬೆಳಕಿಗೆಂದು ಇಟ್ಟ ಆ ಕಿಂಡಿ ಒಲೆಯ ಹೊಗೆಯನ್ನೂ ಉಸಿರಿನ ಆವಿಯನ್ನೂ ಹೊರಗೆ ಕಳಿಸುತ್ತಿತ್ತು. ಬೆಚ್ಚನೆಯ ತೇವದ ಗಾಳಿ ಹಗುರ, ಅದು ಮೇಲೇರುತ್ತದೆ. ಮನೆಯ ಅತಿ ಎತ್ತರದ ಜಾಗದಲ್ಲಿ ಅದಕ್ಕೆ ಬಾಗಿಲಿದ್ದರೆ ತಾನಾಗಿ ಹೋಗುತ್ತದೆ. ಪತ್ರಾಸಿನ ಮನೆ ಕಟ್ಟುವಾಗ ನಾವು ಕೈಬಿಟ್ಟದ್ದು ಈ ಬೆಳಕಿಂಡಿಯನ್ನು. ನಾಲ್ಕಡಿ ಎತ್ತರದಲ್ಲಿ ಒಂದು ಕಿಟಕಿ ಇಡುತ್ತೇವೆ. ಅದಕ್ಕಿಂತ ಮೇಲಿನ ಗಾಳಿಯೆಲ್ಲ ರಾತ್ರಿಯಿಡೀ ಅಲ್ಲೇ ನಿಂತಿರುತ್ತದೆ.

ಪರಿಹಾರಕ್ಕೆ ಹೋಗುವ ಮೊದಲು ಬಂದ ನೀರು ಯಾವ ಜಾತಿಯದೆಂದು ಗುರುತಿಸಿಕೊಳ್ಳಬೇಕು, ಇಲ್ಲವಾದರೆ ಖರ್ಚು ದಂಡ. ಮಳೆ ಬಂದಾಗಲೇ ಕಾಣಿಸಿಕೊಂಡು, ಬೋಲ್ಟಿನ ಸುತ್ತಲೋ ಎರಡು ಹಾಳೆ ಕೂಡುವಲ್ಲಿಯೋ ಒಂದೇ ಜಾಗದಿಂದ ಇಳಿದು, ತುಕ್ಕಿನ ಗೆರೆ ಬಿಟ್ಟು ಹೋದರೆ ಅದು ಸೋರಿಕೆ. ಅದಕ್ಕೆ ವಾಷರ್ ಬದಲಿಸಬೇಕು, ಡಾಂಬರೂ ಸರಿಯೇ. ಮಳೆಯಿಲ್ಲದ ಚಳಿಯ ನಸುಕಿನಲ್ಲಿ ತಗಡಿನ ತುಂಬ ಒಂದೇ ಸಮ ಹನಿ ಕಟ್ಟಿ, ಬಿಸಿಲೇರಿದ ಮೇಲೆ ತಾನೇ ಮಾಯವಾದರೆ ಅದು ಮನೆಯ ಆವಿ. ಗೋಡೆಯ ಬುಡದಿಂದ ಮೊಳಕಾಲೆತ್ತರ, ಸೊಂಟದೆತ್ತರ ಏರಿ, ಸುಣ್ಣ ಉದುರಿಸಿ, ಬಿಳಿ ಉಪ್ಪು ಬಿಡುವ ತೇವ ನೆಲದಿಂದ ಬಂದದ್ದು. ಗೋಡೆಯಲ್ಲಿ ಸಂಶಯವಿದ್ದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ ನೀರು ಕಟ್ಟಿದರೆ ಗೋಡೆಯೊಳಗಿನಿಂದ ಬರುತ್ತಿದೆ, ಮುಂದೆ ಕಟ್ಟಿದರೆ ಕೋಣೆಯ ಗಾಳಿಯಿಂದ.

ಮನೆಯ ಆವಿ ಎಂದು ಖಚಿತವಾದ ಮೇಲೆ ಮೊದಲ ಕೆಲಸ ಮೇಲಿನ ಕಿಂಡಿ. ನೆತ್ತಿಯ ಹತ್ತಿರ, ಎದುರುಬದುರಿನ ಎರಡು ಗೋಡೆಗಳಲ್ಲಿ ತಲಾ ಒಂದೊಂದು ಇಟ್ಟಿಗೆಯಷ್ಟು ತೆರವು ಬಿಟ್ಟು ಜಾಳಿಗೆ ಬಡಿದರೂ ಸಾಕು. ಒಲೆಯ ಮೇಲೆ ಇನ್ನೊಂದಿದ್ದರೆ ಒಳ್ಳೆಯದು. ಇದರಿಂದ ಥಂಡಿ ಒಳಗೆ ಬಂದು ತೇವ ಹೆಚ್ಚುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹೆಚ್ಚುವುದಿಲ್ಲ. ಹೊರಗೆ 14 ಡಿಗ್ರಿಯಲ್ಲಿ ಗಾಳಿ ತೇವದಿಂದ ಪೂರ್ತಿ ತುಂಬಿದೆ ಎಂದಿಟ್ಟುಕೊಂಡರೂ ಅದರಲ್ಲಿರುವುದು ಘನ ಮೀಟರಿಗೆ 12 ಗ್ರಾಂ. ಅದೇ ಗಾಳಿ ಒಳಗೆ ಬಂದು 20 ಡಿಗ್ರಿಗೆ ಕಾದಾಗ ಇನ್ನೂ 5 ಗ್ರಾಂ ಹೊರಬಲ್ಲದು. ಗಂಟೆಗೆ 40 ಘನ ಮೀಟರ್ ಗಾಳಿ ಬದಲಾದರೆ ಐದು ಮಂದಿಯ ಉಸಿರಿನ ನೀರು ಹೊರಗೆ ಹೋಯಿತು. ಅಂದರೆ ಕೋಣೆಯ ಗಾಳಿ ತಾಸಿಗೆ ಒಂದು ಸಲಕ್ಕಿಂತ ತುಸು ಹೆಚ್ಚು ಬದಲಾಗಬೇಕು, ಅಷ್ಟೇ. ಅದು ಬಿರುಗಾಳಿಯಲ್ಲ, ಮಲಗಿದವರ ಮೈಗೆ ತಾಗುವ ಗಾಳಿಯೂ ಅಲ್ಲ. ಕಿಂಡಿ ತಲೆಯ ಮೇಲೆ ಎತ್ತರದಲ್ಲಿರುವುದರಿಂದ ಚಳಿಗಿಂತ ಹೆಚ್ಚಾಗಿ ಆವಿಯೇ ಅದರಲ್ಲಿ ಓಡಾಡುತ್ತದೆ. ಸೊಳ್ಳೆ, ಹಾವು, ಇಲಿಯ ಭಯಕ್ಕೆ ಸಣ್ಣ ಕಣ್ಣಿನ ಕಬ್ಬಿಣದ ಜಾಳಿಗೆ ಉತ್ತರ. ಕಳ್ಳನ ಭಯಕ್ಕೆ ಕಿಂಡಿಯ ಅಳತೆಯೇ ಉತ್ತರ.

ಆದರೆ ಕಿಂಡಿಯೊಂದರಿಂದ ಎಲ್ಲವೂ ಮುಗಿಯುತ್ತದೆ ಎಂದು ಹೇಳಲಾರೆ. ಅತಿ ಚಳಿಯ ರಾತ್ರಿ ತಗಡು 10 ಡಿಗ್ರಿಗೆ ಇಳಿದರೆ, ಹೊರಗಿನಿಂದ ಬಂದ ಗಾಳಿಯಲ್ಲಿರುವ 12 ಗ್ರಾಮಿನಲ್ಲೇ ಒಂದಿಷ್ಟು ಅದರ ಮೇಲೆ ಹನಿಯಾಗುತ್ತದೆ. ಆದ್ದರಿಂದ ಎರಡನೆಯ ಕೆಲಸವೂ ಬೇಕು: ಮನೆಯ ಗಾಳಿಗೂ ತಗಡಿಗೂ ನಡುವೆ ಒಂದು ಪದರ. ದೋಣಿಯವರಂತೆ ಸಂದಿಯಿಲ್ಲದೆ ಅಂಟಿಸುವುದು ಒಂದು ದಾರಿ. ಕೆಳಗೆ ನೊರೆ ಅಂಟಿಸಿಯೇ ಬರುವ ಹಾಳೆಗಳು ಪೇಟೆಯಲ್ಲಿವೆ, ಬೆಲೆ ಹೆಚ್ಚು. ಅಗ್ಗದ ದಾರಿ ಇನ್ನೊಂದು. ತಗಡಿನಿಂದ ಗೇಣುದ್ದ ಕೆಳಗೆ ಬಿದಿರಿನ ತಟ್ಟಿಯನ್ನೋ ಸಿಮೆಂಟ್ ಬೋರ್ಡನ್ನೋ ಇಳಿಜಾರಾಗಿ ಕಟ್ಟಿ, ನಡುವಿನ ಜಾಗವನ್ನು ಸೂರಿನಂಚಿನಲ್ಲೂ ನೆತ್ತಿಯಲ್ಲೂ ಹೊರಗಾಳಿಗೆ ತೆರೆದಿಡುವುದು. ಒಂದಷ್ಟು ಆವಿ ತಟ್ಟಿ ದಾಟಿ ಮೇಲೆ ಹೋದರೂ ಅಲ್ಲಿಂದ ಹೊರಗೆ ಹಾರುತ್ತದೆ. ಹನಿ ಬಿದ್ದರೂ ಇಳಿಜಾರಿನಲ್ಲಿ ಜಾರಿ ಅಂಚಿಗೆ ಹೋಗುತ್ತದೆ. ಇವೆರಡರ ನಡುವಿನದೇ ಕೆಟ್ಟದ್ದು: ತಗಡಿಗೂ ಹಾಳೆಗೂ ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟು ಥರ್ಮಾಕೋಲ್ ಸಿಕ್ಕಿಸುವುದು. ಆವಿ ಅದರ ಹಿಂದೆ ಸೇರಿ, ಕಣ್ಣಿಗೆ ಕಾಣದೆ ನೀರಾಗಿ, ತಗಡನ್ನು ಒಳಗಿನಿಂದ ತಿನ್ನುತ್ತದೆ. ಬೆಂಕಿ ತಾಗಿದರೆ ಥರ್ಮಾಕೋಲ್ ವಿಷದ ಹೊಗೆ ಬಿಟ್ಟು ಉರಿಯುತ್ತದೆ ಎಂಬುದೂ ನೆನಪಿರಲಿ. ಒಲೆಯ ಮೇಲಿನ ಜಾಗದಲ್ಲಿ ತಟ್ಟಿಯೂ ಬೇಡ, ಅಲ್ಲಿ ಬೋರ್ಡು ಅಥವಾ ಬರಿಯ ಕಿಂಡಿ ಇರಲಿ. ತಗಡಿಗೆ ಬಿಳಿ ಬಣ್ಣ, ಸುಣ್ಣ ಬಳಿಯುವುದನ್ನು ಈಚೆಗೆ ಹಲವರು ಹೇಳುತ್ತಾರೆ. ಬೇಸಿಗೆಗೆ ಅದು ನಿಜವಾಗಿ ಒಳ್ಳೆಯದು, ರಾತ್ರಿಯ ತೇವಕ್ಕೆ ಮಾತ್ರ ಏನೂ ಮಾಡದು. ಕತ್ತಲಲ್ಲಿ ಬಿಳಿಯ ತಗಡೂ ಆಕಾಶಕ್ಕೆ ಶಾಖ ಬಿಟ್ಟು ಅಷ್ಟೇ ತಣ್ಣಗಾಗುತ್ತದೆ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಈ ಜಿಲ್ಲೆಯ ಬಡವನಿಗೆ ಮೂರು ತಿಂಗಳ ಉರಿಬಿಸಿಲು ದೊಡ್ಡ ಸಂಕಟ, ಡಿಸೆಂಬರಿನ ನಾಲ್ಕು ಹನಿಗೆ ಅವನೇಕೆ ಹಣ ಹಾಕಬೇಕು? ಆಕ್ಷೇಪದ ಮೊದಲ ಅರ್ಧವನ್ನು ಪೂರ್ತಿ ಒಪ್ಪುತ್ತೇನೆ. ಎರಡನೆಯ ಅರ್ಧಕ್ಕೆ ಉತ್ತರ, ಈ ಕೆಲಸ ಚಳಿಗಾಲಕ್ಕಷ್ಟೇ ಅಲ್ಲ ಎಂಬುದು. ಏಪ್ರಿಲ್ಲಿನಲ್ಲಿ ಕೈ ಇಟ್ಟರೆ ಸುಡುವಷ್ಟು ಕಾದ ತಗಡು ತನ್ನ ಝಳವನ್ನು ನೇರ ಮಲಗಿದವನ ಮೈಮೇಲೆ ಸುರಿಯುತ್ತದೆ. ನಡುವೆ ತಟ್ಟಿಯಿದ್ದು ಅದರ ಮೇಲಿನ ಬಿಸಿಗಾಳಿ ನೆತ್ತಿಯಿಂದ ಹೊರಗೆ ಹೋಗುತ್ತಿದ್ದರೆ ಆ ಝಳ ಅಷ್ಟಾಗಿ ಕೆಳಗಿಳಿಯುವುದಿಲ್ಲ. ಒಂದೇ ತಟ್ಟಿ, ಒಂದೇ ಕಿಂಡಿ, ಎರಡು ಕಾಲಕ್ಕೂ ಆಗಿಬರುತ್ತದೆ. ಇನ್ನು ನಾಲ್ಕು ಹನಿ ಎನ್ನುವುದೂ ಸರಿಯಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಉಸಿರಾಟದ ತೊಂದರೆ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಮಗುವಿನ ಕೆಮ್ಮಿಗೆ ಆಸ್ಪತ್ರೆ ಅಲೆಯುವ ಖರ್ಚಿನ ಪಕ್ಕ ಒಂದು ತಟ್ಟಿಯ ಖರ್ಚನ್ನು ಇಟ್ಟು ನೋಡಬೇಕು.

ಮಳೆಗಾಲದ ಮಾತು ಬೇರೆ. ಆಗಸ್ಟಿನಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ, ಕಿಂಡಿ ತೆರೆದರೂ ಒಣಗುವುದು ಕಡಿಮೆ. ಮೋಡ ಕವಿದಿರುವುದರಿಂದ ತಗಡೂ ಅಷ್ಟು ತಣ್ಣಗಾಗುವುದಿಲ್ಲ. ಆಗಿನ ತೇವ ಹೆಚ್ಚಾಗಿ ನೆಲದಿಂದ ಬರುತ್ತದೆ. ಎರೆಮಣ್ಣು ಹೀರಿದ ನೀರನ್ನು ಬೇಗ ಬಿಡುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆ, ಅದರ ಇಂಡಿ ಶಾಖಾ ಕಾಲುವೆ, ಬಸವನ ಬಾಗೇವಾಡಿ ಕಡೆಯ ಮುಳವಾಡ ಏತ ನೀರಾವರಿ ಇವು ಬಂದ ಮೇಲೆ ಹೊಲದಲ್ಲಿ ನೀರು ನಿಲ್ಲುವ ಕಾಲವೂ ಬದಲಾಗಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟಿನಲ್ಲಿ ಸವಳು ಜವಳಾದ ಭೂಮಿಯ ಸಂಕಟ ರೈತರಿಗೆ ಗೊತ್ತೇ ಇದೆ. ಅದೇ ಜವಳು ವಸ್ತಿಯ ಮನೆಯ ನೆಲವನ್ನೂ ಬಿಡುವುದಿಲ್ಲ ಎಂಬುದಕ್ಕೆ ಮಾತ್ರ ಗಮನ ಕೊಟ್ಟಿಲ್ಲ. ಹೊಲದಲ್ಲಿ ಶೆಡ್ಡು ಕಟ್ಟುವವರು ಒಂದೂವರೆ ಎರಡಡಿ ಎತ್ತರದ ಕಟ್ಟೆ ಹಾಕಿ, ಗರಸು ತುಂಬಿ, ನೆಲದ ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಆ ದಾರಿ ಮುಚ್ಚುತ್ತದೆ. ಕಟ್ಟಿದ ಮೇಲೆ ಹಾಸಲು ಬರುವುದಿಲ್ಲ.

ಮನೆಯಲ್ಲಿ ತೆರೆಯಬೇಕೆಂದು ಇಷ್ಟು ಹೇಳಿ, ಈಗ ಕಾಳಿನ ಡ್ರಮ್ಮನ್ನು ಮುಚ್ಚಬೇಕು ಎಂದರೆ ಮಾತು ತಪ್ಪಿದಂತೆ ಕಾಣಬಹುದು. ವಿಚಾರ ಒಂದೇ, ನೀರು ಎಲ್ಲಿ ಹುಟ್ಟುತ್ತದೆ ಎಂಬುದಷ್ಟೇ ಬೇರೆ. ಮನೆಯಲ್ಲಿ ಉಸಿರು ನಿಲ್ಲುವುದಿಲ್ಲ, ಆದ್ದರಿಂದ ಕಿಂಡಿಯನ್ನೂ ಮುಚ್ಚುವಂತಿಲ್ಲ. ಕಾಳೂ ಉಸಿರಾಡುತ್ತದೆ, ಆದರೆ ಚೆನ್ನಾಗಿ ಒಣಗಿದರೆ ಅದರ ಉಸಿರು ಬಹುಮಟ್ಟಿಗೆ ನಿಲ್ಲುತ್ತದೆ. ನಮ್ಮ ಹಿರಿಯರ ಹಗೇವು ನಿಂತದ್ದೇ ಈ ತಿಳಿವಳಿಕೆಯ ಮೇಲೆ. ನೆಲದಲ್ಲಿ ಆಳವಾಗಿ ತೋಡಿದ ಗುಂಡಿಗೆ ಒಣ ಹುಲ್ಲು, ಕಣಿಕೆಯ ಪದರ ಕೊಟ್ಟು, ಒಣಗಿದ ಜೋಳ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಒಳಗಿನ ಅಲ್ಪಸ್ವಲ್ಪ ಉಸಿರಾಟ ಆಮ್ಲಜನಕವನ್ನು ತಿಂದು ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬುತ್ತಿತ್ತು, ಹುಳುಗಳಿಗೆ ಅಲ್ಲಿ ಬದುಕಿಲ್ಲ. ಹಗೇವು ತೆರೆದ ಕೂಡಲೇ ಇಳಿಯಬಾರದು, ದೀಪ ಇಳಿಬಿಟ್ಟು ಅದು ಉರಿಯುತ್ತದೆಯೇ ಎಂದು ನೋಡಬೇಕು ಎಂಬ ಎಚ್ಚರ ಇದೇ ಕಾರಣಕ್ಕೆ. ಅದನ್ನು ಮೀರಿ ಇಳಿದು ಜೀವ ಬಿಟ್ಟವರಿದ್ದಾರೆ. ಕಾಲುವೆಯ ನೀರು ನೆಲದೊಳಗಿನ ಮಟ್ಟವನ್ನು ಏರಿಸಿದ ಕಡೆಗಳಲ್ಲಿ ಹಗೇವು ನಂಬಿಕೆಗೆ ಅರ್ಹವಾಗಿ ಉಳಿಯಲಾರದು, ಏಕೆಂದರೆ ಅಲ್ಲಿ ತೇವ ಹೊರಗಿನಿಂದ ಬರತೊಡಗುತ್ತದೆ. ಆಗ ಕಾಳು ಉಕ್ಕಿನ ಡ್ರಮ್ಮಿಗೆ ಬಂದದ್ದು ಸರಿಯಾದ ನಡೆಯೇ. ಇಲಿ ಕಚ್ಚದು, ನೆಲದ ನೀರು ಏರದು.

ಆದರೆ ಡ್ರಮ್ಮೂ ಬೆವರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹಿಂಗಾರಿ ಜೋಳದ ರಾಶಿ ಮಾಡಿ, ಅರೆ ಒಣಗಿದ ಕಾಳನ್ನು ಬಿಸಿಬಿಸಿಯಾಗಿಯೇ ತುಂಬಿ ಮುಚ್ಚಳ ಬಿಗಿದರೆ ಅದರೊಳಗಿನ ಆವಿ ಅಲ್ಲೇ ಉಳಿಯುತ್ತದೆ. ರಾತ್ರಿಯ ಥಂಡಿಗೆ ಡ್ರಮ್ಮಿನ ಮೈ, ಮುಚ್ಚಳ ತಣ್ಣಗಾಗುತ್ತವೆ. ನಡುವಿನ ಬೆಚ್ಚನೆಯ ಗಾಳಿ ಕಾಳಿನ ಸಂದುಗಳಲ್ಲಿ ಏರಿ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ಮೇಲಿನ ನಾಲ್ಕು ಬೆರಳು ಕಾಳು ಹೆಪ್ಪುಗಟ್ಟಿ, ಮುಗ್ಗು ವಾಸನೆ ಹಿಡಿದು, ಕೆಲವು ಕಡೆ ಮೊಳಕೆಯೂ ಒಡೆಯುತ್ತದೆ. ಡ್ರಮ್ಮಿಗೆ ತೂತು ಬಿದ್ದಿದೆ ಎಂದು ಇಲ್ಲಿಯೂ ಹುಡುಕುವವರುಂಟು. ತುಂಬುವ ಮುನ್ನ ಕಾಳನ್ನು ಹಲ್ಲಿನಲ್ಲಿ ಕಡಿದು ಕಟ್ಟೆಂದು ಒಡೆಯುತ್ತದೆಯೇ ಎಂದು ನೋಡುವುದು ಹಳೆಯ ಪರೀಕ್ಷೆ, ಈಗಲೂ ಒಳ್ಳೆಯದೇ. ಇನ್ನೂ ಖಚಿತ ಬೇಕಾದರೆ ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಕಾಳು, ಎರಡು ಚಮಚ ಹುರಿದಾರಿಸಿದ ಪುಡಿ ಉಪ್ಪು ಹಾಕಿ ಒಂದು ನಿಮಿಷ ಕುಲುಕಿ, ಕಾಲು ತಾಸು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳಿನ ತೇವ ನೂರಕ್ಕೆ 15ನ್ನು ದಾಟಿದೆ, ಇನ್ನೂ ಬಿಸಿಲು ಬೇಕು. ಅಂಟದಿದ್ದರೂ ಮತ್ತೊಂದು ದಿನ ಒಣಗಿಸುವುದು ಲೇಸು. ದೀರ್ಘಕಾಲ ಇಡುವ ಕಾಳು 12ರ ಹತ್ತಿರ ಇರಬೇಕು. ಒಣಗಿದ ಕಾಳನ್ನು ನೆರಳಲ್ಲಿ ಹರವಿ ಆರಿಸಿ ತುಂಬಬೇಕು. ಡ್ರಮ್ಮು ಬರಿನೆಲದ ಮೇಲಲ್ಲ, ಹಲಗೆಯ ಮೇಲೆ ಇರಬೇಕು. ಬಿಸಿಲು ಬೀಳುವ ಅಂಗಳದಲ್ಲಲ್ಲ, ಒಳಕೋಣೆಯಲ್ಲಿ. ಮುಗ್ಗಿದ ಕಾಳನ್ನು ತೊಳೆದು ತಿಂದರಾಯಿತು ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದ ಜನ ಹೊಟ್ಟೆನೋವು, ಭೇದಿಯಿಂದ ಮಲಗಿದರು. ಬೂಷ್ಟು ಬಿಟ್ಟ ಫ್ಯುಮೋನಿಸಿನ್ ಎಂಬ ವಿಷ ಅದಕ್ಕೆ ಕಾರಣವೆಂದು ತಜ್ಞರು ಗುರುತಿಸಿದರು. ಅಂಥ ವಿಷ ತೊಳೆದರೆ ಪೂರ್ತಿ ಹೋಗದು, ರೊಟ್ಟಿ ಬೇಯಿಸುವ ಶಾಖಕ್ಕೂ ಪೂರ್ತಿ ನಾಶವಾಗದು.

ಮನೆಯವರು ತಾವೇ ಮಾಡಬಹುದಾದದ್ದು ಇಷ್ಟು. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ತಗಡಿನ ಸೂರನ್ನು ಜನ ತಾವಾಗಿ ಆರಿಸಿಕೊಂಡದ್ದಕ್ಕಿಂತ ಮುಳುಗಡೆ, ಮಹಾಪೂರ, ಬಡತನಗಳು ಅವರ ತಲೆಯ ಮೇಲೆ ಇಟ್ಟದ್ದೇ ಹೆಚ್ಚು. ನೆರೆ ಬಂದಾಗ ಸರ್ಕಾರ ಹಾಕಿಸುವ ತಾತ್ಕಾಲಿಕ ಶೆಡ್ಡುಗಳಲ್ಲಿ ಜನ ವರ್ಷಗಟ್ಟಲೆ ಉಳಿದುಬಿಡುತ್ತಾರೆ. ಅವುಗಳ ಅಂದಾಜುಪಟ್ಟಿ ಬರೆಯುವ ಇಂಜಿನಿಯರುಗಳಲ್ಲಿ, ಅದಕ್ಕೆ ಒಪ್ಪಿಗೆ ಕೊಡುವ ಪಂಚಾಯಿತಿ ಸದಸ್ಯರಲ್ಲಿ ಕೇಳಿಕೊಳ್ಳುವುದು ಇದು: ಹಾಳೆ, ಕಂಬ, ಬೋಲ್ಟುಗಳ ಲೆಕ್ಕದ ಕೆಳಗೆ ಮೂರು ಬಾಬ್ತು ಸೇರಿಸಿ. ನೆತ್ತಿಯಲ್ಲಿ ಜಾಳಿಗೆ ಸಹಿತ ಗಾಳಿಕಿಂಡಿ, ತಗಡಿನ ಕೆಳಗೆ ಗಾಳಿಯಾಡುವ ತಟ್ಟಿ ಅಥವಾ ಬೋರ್ಡು, ನೆಲದ ಕೆಳಗೆ ಪ್ಲಾಸ್ಟಿಕ್ ಹಾಳೆ. ಶೆಡ್ಡು ಎದ್ದ ಮೇಲೆ ಇವನ್ನು ಸೇರಿಸಲು ಕೂಲಿಕಾರನ ಬಳಿ ಹಣವಿರುವುದಿಲ್ಲ, ಕಟ್ಟುವಾಗಲೇ ಸೇರಿಸಬೇಕು.